ಎಂಟಿಆರ್‌ನ ಎಲ್ಲರಿಗೂ, ಅಮ್ಮನ ಪರವಾಗಿ

ಹೋದ ಭಾನುವಾರ ಅಮ್ಮ ಲಾಲ್‌ಬಾಗ್ ರಸ್ತೆಯ ನಿಮ್ಮ ಹೋಟೆಲಿಗೆ ತಾನೇ ನಡೆದು ಬಂದಳು. ಏಳು ತಿಂಗಳ ಕೀಮೋ ಮುಗಿದಿದೆ. ರಿಪೋರ್ಟ್ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದ ಕೂಡಲೇ, "ಮೊದಲು ಎಂಟಿಆರ್‌ಗೆ ಹೋಗೋಣ" ಅಂದಳು.

ಆ ಏಳು ತಿಂಗಳು ಅವಳ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ನಾನು ಮಾಡಿದ ಗಂಜಿ, ತಿಳಿಸಾರು ಹಾಗೇ ಉಳಿಯುತ್ತಿತ್ತು. ಕೀಮೋ ಸೋಮವಾರ ಇರುತ್ತಿತ್ತು, ಅವತ್ತು ನಿಮಗೂ ರಜೆ. ಬುಧವಾರ ಬೆಳಿಗ್ಗೆ ಬಂದು ರವೆ ಇಡ್ಲಿ ಪಾರ್ಸೆಲ್ ಒಯ್ಯುತ್ತಿದ್ದೆ. ಸಾಗು, ಚಟ್ನಿ ಅವಳು ಮುಟ್ಟುತ್ತಿರಲಿಲ್ಲ. ಇಡ್ಲಿಗೆ ತುಪ್ಪ ಹಾಕಿ ಕೊಟ್ಟರೆ ಅರ್ಧ ತಿನ್ನುತ್ತಿದ್ದಳು. ಮೊದಲ ಸಲ ಆ ಅರ್ಧ ತಿಂದ ದಿನ ಅಪ್ಪ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ನಿಮ್ಮ ಹಿರಿಯರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ಕಷ್ಟಕಾಲಕ್ಕೆ ಅಂತ ಮಾಡಿದ ತಿಂಡಿ ನಮ್ಮ ಕಷ್ಟಕ್ಕೂ ಆಯಿತು.

ಅಪ್ಪ ನಿಮ್ಮ ಹಳೆಯ ಗಿರಾಕಿ. ತುರ್ತು ಪರಿಸ್ಥಿತಿಯ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ! ತಿಂಡಿಯ ಬೆಲೆ ಇಳಿಸಿ ಅಂತ ಸರ್ಕಾರ ಹೇಳಿತು. ನೀವು ಬೆಲೆ ಇಳಿಸಿದಿರಿ, ಗುಣಮಟ್ಟ ಇಳಿಸಲಿಲ್ಲ. ದಿನಾ ಎಷ್ಟು ನಷ್ಟ ಅಂತ ಬೋರ್ಡ್ ಹಾಕಿದಿರಿ. ಕೊನೆಗೆ ಬಾಗಿಲು ಹಾಕಬೇಕಾಯಿತು. ಆಮೇಲೆ ಹಿಟ್ಟು, ಪುಡಿ ಮಾರಿ ಕೆಲಸಗಾರರನ್ನು ಉಳಿಸಿಕೊಂಡಿರಿ. 1924ರಲ್ಲಿ ಯಜ್ಞನಾರಾಯಣ ಮಯ್ಯ ಮತ್ತು ಅವರ ಸಹೋದರರು ಶುರು ಮಾಡಿದ್ದು ನೂರು ದಾಟಿ ಮೂರನೇ ತಲೆಮಾರಿನ ಕೈಯಲ್ಲಿದೆ. ಹೇಮಮಾಲಿನಿ ಮಯ್ಯ ಅವರಿಗೂ ಅವರ ಸಹೋದರರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮುಂಜಾನೆ ಎದ್ದು ಒಲೆಯ ಮುಂದೆ ನಿಲ್ಲುವ ಭಟ್ಟರಿಗೆ ಇನ್ನೂ ದೊಡ್ಡ ನಮಸ್ಕಾರ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೆ ನಿಮ್ಮ ಕೈಯ ಇಡ್ಲಿಯ ಹದ ಒಂದು ಬುಧವಾರವೂ ತಪ್ಪಲಿಲ್ಲ. "ಅಮ್ಮ ಹೇಗಿದ್ದಾರೆ?" ಅಂತ ಕೇಳಿ ತುಪ್ಪದ ಪೊಟ್ಟಣ ಜಾಸ್ತಿ ಇಡುತ್ತಿದ್ದ ಪಾರ್ಸೆಲ್ ಕೌಂಟರಿನ ಅಣ್ಣ, ಅದನ್ನು ನಾನು ಮರೆಯುವುದಿಲ್ಲ.

ಭಾನುವಾರ ಜನ ತುಂಬಾ ಇದ್ದರು. ಅಮ್ಮನ ತಲೆಗೆ ಕಟ್ಟಿದ ಬಟ್ಟೆ ನೋಡಿ ಒಬ್ಬ ಸಪ್ಲೈಯರ್ ಸುಮ್ನೆ ಒಂದು ಕುರ್ಚಿ ತಂದಿಟ್ಟರು. ಏನೂ ಕೇಳಲಿಲ್ಲ. ಟೇಬಲ್ ಸಿಕ್ಕಿತು, ಇಡ್ಲಿ ಬಂತು. ಅಮ್ಮ ಮೊದಲು ಮೇಲಿನ ಗೋಡಂಬಿ ತೆಗೆದು ಅಪ್ಪನ ತಟ್ಟೆಗೆ ಹಾಕಿದಳು, ಮದುವೆಯಾದಾಗಿನಿಂದ ಹಾಗೇ. ಆಮೇಲೆ ಸಾಗು, ಚಟ್ನಿ ಎಲ್ಲ ಹಚ್ಚಿಕೊಂಡು ಪೂರ್ತಿ ತಿಂದಳು. ಕೈ ಎತ್ತಿ ಅದೇ ಸಪ್ಲೈಯರನ್ನು ಕರೆದು, "ಇನ್ನೊಂದು ಸ್ವಲ್ಪ ತುಪ್ಪ ಕೊಡಪ್ಪ" ಅಂದಳು.