3 ಗ್ರಾಂ ಧೂಳಿಗೆ ಪರ್ಮಿಟ್ ಎಲ್ಲಿಂದ ತರಲಿ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸವಿನಯ ವಂದನೆಗಳು. ಬಳ್ಳಾರಿ ಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 27 ವರ್ಷ ವಿಜ್ಞಾನ ಕಲಿಸಿ ಕಳೆದ ಮೇ ತಿಂಗಳಲ್ಲಿ ನಿವೃತ್ತನಾದವನು ನಾನು. ನೌಕರಿಯಲ್ಲಿದ್ದಷ್ಟು ಕಾಲ ಇಂಥ ಪತ್ರ ಬರೆಯುವಂತಿರಲಿಲ್ಲ. ನಾಲ್ಕು ವರ್ಷಗಳಿಂದ ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ನಮ್ಮ ಶಾಲೆಯ ಮಕ್ಕಳು ಸಂಗ್ರಹಿಸಿದ ಧೂಳನ್ನು ಪರೀಕ್ಷಿಸಲು, ಸರ್ಕಾರದ ಹಣದಲ್ಲಿ ನಡೆಯುವ ಯಾವುದಾದರೂ ಪ್ರಯೋಗಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಒಂದು ಮಧ್ಯಾಹ್ನದ ಅವಕಾಶ ಕೊಡಿಸಬೇಕು.

ಧೂಳೆಂದರೆ ಗಣಿ ಧೂಳಲ್ಲ. ಅದು ನಮಗೆ ಕೇಳದೆಯೇ ಸಿಗುತ್ತದೆ. ಇದು ಧೂಮಕೇತುಗಳೂ ಕ್ಷುದ್ರಗ್ರಹಗಳೂ ಉದುರಿಸಿದ ಅಂತರಿಕ್ಷದ ಧೂಳು. ವಾತಾವರಣಕ್ಕೆ ನುಗ್ಗಿದ ಕಣಗಳಲ್ಲಿ ಹಲವು ಉಲ್ಕೆಗಳಾಗಿ ಉರಿದುಹೋದರೆ, ಕೂದಲೆಳೆಯ ದಪ್ಪದ ಕೆಲವು ಕರಗಿ, ಗುಂಡಗಾಗಿ, ನಮ್ಮ ನಿಮ್ಮ ಮಾಳಿಗೆಯ ಮೇಲೆ ಬಂದು ಕೂರುತ್ತವೆ. ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ಸಂಶೋಧನಾ ನೆಲೆಯ ಬಳಿ ಹಿಮ ಕರಗಿಸಿ ಸೋಸಿದ ವಿಜ್ಞಾನಿಗಳು, ಹೀಗೆ ವರ್ಷಕ್ಕೆ ಸುಮಾರು 5,200 ಟನ್ ಧೂಳು ನೆಲ ಮುಟ್ಟುತ್ತದೆಂದು 2021ರಲ್ಲಿ ಅಂದಾಜು ಮಾಡಿದರು. ನಾರ್ವೆಯ ಯೋನ್ ಲಾರ್ಸೆನ್ ಎಂಬವರು ವೃತ್ತಿಯಿಂದ ಜಾಝ್ ಸಂಗೀತಗಾರರು. ಅವರು ನಗರಗಳ ಮಾಳಿಗೆಗಳ ಕಸದಲ್ಲಿ ಹುಡುಕಿ ತೆಗೆದ ಇಂಥ ಸುಮಾರು 500 ಕಣಗಳ ಪೈಕಿ 48ನ್ನು ವಿಜ್ಞಾನಿಗಳು ವಿವರವಾಗಿ ಪರೀಕ್ಷಿಸಿ, ಅಂತರಿಕ್ಷದವೇ ಎಂದು ಒಪ್ಪಿದ್ದಾರೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಹಿಂದೂ ಮಹಾಸಾಗರದ ತಳದ ಕೆಸರಿನಿಂದಲೇ ಇಂಥವನ್ನು ಹೆಕ್ಕಿದ್ದಾರೆ. 2024ರ ಜನವರಿ 1ರಂದು ಹಾರಿದ ಪಿಎಸ್ಎಲ್‌ವಿ ಸಿ-58 ರಾಕೆಟ್ಟಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಕಟ್ಟಿದ ಧೂಳು ಪತ್ತೆಯ ಉಪಕರಣವೂ ಇತ್ತು. ದೇಶ ಈ ಧೂಳಿಗಾಗಿ ಆಕಾಶಕ್ಕೆ ಹೋಗುತ್ತದೆ; ನಮ್ಮ ಮಕ್ಕಳು ಏಣಿ ಹತ್ತಿದರು, ಅಷ್ಟೇ ವ್ಯತ್ಯಾಸ.

ಆ ಏಣಿಯ ಕಥೆಯನ್ನು ತಾವು ಕೇಳಲೇಬೇಕು. ನಾಲ್ಕು ಮಳೆಗಾಲ ಮಕ್ಕಳು ಮಾಳಿಗೆಯ ನೀರು ಇಳಿಯುವ ಕೊಳವೆಯ ಬಾಯಿಯಲ್ಲಿ ನಿಂತ ಕೆಸರನ್ನು ತುಂಬಿ ತಂದು, ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದರು. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಅದು. ಅಂಟಿದ್ದರಲ್ಲಿ ಬಹುಪಾಲು ಪಕ್ಕದ ವೆಲ್ಡಿಂಗ್ ಅಂಗಡಿಯ ಕಿಡಿಗಳು ಮತ್ತು ದೀಪಾವಳಿಯ ಪಟಾಕಿಯ ಕಣಗಳೆಂಬುದು ನನಗೂ ಗೊತ್ತು, ಮಕ್ಕಳಿಗೂ ಗೊತ್ತು. ಅವೂ ಗುಂಡಗೇ ಇರುತ್ತವೆ. ಅಂತರಿಕ್ಷದಿಂದ ಬಂದದ್ದಾದರೆ ಮೈಮೇಲೆ ಆಲಿವೀನ್ ಎಂಬ ಖನಿಜದ ಹರಳಿನ ಗೆರೆಗಳೋ ಕಬ್ಬಿಣ-ನಿಕ್ಕಲ್‌ನ ಮಣಿಯೋ ಇರಬಹುದು. ಅದನ್ನು ಖಚಿತವಾಗಿ ಹೇಳಲು ಶಾಲೆಯ ಸೂಕ್ಷ್ಮದರ್ಶಕ ಸಾಲದು. ಆದ್ದರಿಂದಲೇ ಆ ಒಂದು ಮಧ್ಯಾಹ್ನವನ್ನು ಕೇಳುತ್ತಿದ್ದೇನೆ.

ಮೊದಲ ಅರ್ಜಿಗೆ ಉತ್ತರವಿಲ್ಲ. ಎರಡನೆಯದು ತಲುಪಿಲ್ಲವೆಂದರು, ಸ್ವೀಕೃತಿಯ ಮೊಹರು ತೋರಿಸಿದಾಗ ಮೊಹರು ಹಳೆಯದೆಂದರು. ಮೂರನೆಯ ಸಲ ಇಬ್ಬರು ವಿದ್ಯಾರ್ಥಿನಿಯರನ್ನೂ ಹೋಮಿಯೋಪಥಿ ಔಷಧದ ಸೀಸೆಯಲ್ಲಿ 3 ಗ್ರಾಂ ಧೂಳನ್ನೂ ಕರೆದುಕೊಂಡು ಜಿಲ್ಲಾ ಕೇಂದ್ರದ ಕಚೇರಿಯೊಂದಕ್ಕೆ ಹೋದೆ. ಬೆಳಿಗ್ಗೆ ಹತ್ತಕ್ಕೆ ಹೋದವರನ್ನು ಮೂರೂವರೆಗೆ ಒಳಗೆ ಕರೆದರು. ಮೇಜಿನ ಹಿಂದಿದ್ದ ಮಹನೀಯರು ಸೀಸೆಯನ್ನು ಬೆಳಕಿಗೆ ಹಿಡಿದು, "ಇದು ಕಬ್ಬಿಣ ತಾನೇ? ಅದಿರು ಸಾಗಿಸೋಕೆ ಪರ್ಮಿಟ್ ಎಲ್ಲಿ?" ಎಂದರು. ತಮಾಷೆಯೆಂದುಕೊಂಡು ನಕ್ಕೆ. ಅವರು ನಗಲಿಲ್ಲ, ಅರ್ಜಿಯ ಮೇಲೆ ಹಾಗೆಯೇ ಷರಾ ಬರೆದು ಹಿಂದಿರುಗಿಸಿದರು. ಆ ಹಾಳೆ ಇಂದಿಗೂ ನನ್ನ ಬಳಿ ಇದೆ.

ಖನಿಜ ಸಾಗಣೆಯ ನಿಯಮ ಯಾವುದಕ್ಕೆ ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆಯ ಅದಿರು ಬಹುಪಾಲು ಹೆಮಟೈಟ್, ಅದು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಅಂದರೆ ನಾವು ತೊಳೆದು ಚೆಲ್ಲಿದ್ದೇ ಅದಿರು, ಉಳಿಸಿಕೊಂಡದ್ದಲ್ಲ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ಹಡಗು ಹತ್ತಿ ಹೋದ ರಾಜ್ಯದಲ್ಲಿ, ಔಷಧದ ಸೀಸೆಯೊಂದು ಬಸ್ ಹತ್ತಿ ಸಿಕ್ಕಿಬಿದ್ದಿತು. ಕಾನೂನು ಕೊನೆಗೂ ಎಚ್ಚೆತ್ತಿತಲ್ಲ ಎಂದು ಸಂತೋಷಪಡಬೇಕೇನೋ!

ಕಟುವಾಗಿ ಬರೆದಿದ್ದರೆ ಕ್ಷಮಿಸಿ. ಆದರೆ ಆ ದಿನ ವಾಪಸ್ ಬರುವಾಗ ಹುಡುಗಿಯರಲ್ಲೊಬ್ಬಳು ಕೂಡ್ಲಿಗಿ ದಾಟುವವರೆಗೂ ಮಾತಾಡಲಿಲ್ಲ, ಆಮೇಲೆ, "ಸರ್, ನಾವು ತಪ್ಪು ಮಾಡಿದ್ವಾ?" ಎಂದು ಕೇಳಿದಳು. ಆಕೆ ಈಗ ಪಿಯುಸಿ ಮುಗಿಸಿ ವಾಣಿಜ್ಯ ಓದುತ್ತಿದ್ದಾಳೆ.

ನಾನು ಹೊಸ ಯಂತ್ರ ಕೇಳುತ್ತಿಲ್ಲ, ಅನುದಾನ ಕೇಳುತ್ತಿಲ್ಲ, ಉದ್ಘಾಟನೆಗೆ ತಮ್ಮನ್ನು ಕರೆದು ಸಮಯ ಹಾಳುಮಾಡುವುದೂ ಇಲ್ಲ. ಕೇಳುತ್ತಿರುವುದು ಒಂದು ಮಧ್ಯಾಹ್ನ. ತಮ್ಮ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆದರೆ ಆ ಮಧ್ಯಾಹ್ನ ಸಿಗುತ್ತದೆಂದು ಅದೇ ಕಚೇರಿಯ ಜವಾನರು ನನಗೆ ಗುಟ್ಟಾಗಿ ಹೇಳಿದ್ದಾರೆ. ಕಣಗಳೆಲ್ಲ ವೆಲ್ಡಿಂಗ್ ಕಿಡಿಯೇ ಎಂದು ತಿಳಿದುಬಂದರೂ ಸರಿಯೇ, ಮಕ್ಕಳು ಅದನ್ನು ತಮ್ಮ ಕಣ್ಣಿಂದ ನೋಡಿ ಬರೆದುಕೊಳ್ಳಲಿ.

ಸೀಸೆಗಳು ಈಗ ಹನ್ನೊಂದಾಗಿವೆ. ಪ್ರತಿಯೊಂದರ ಮೇಲೂ ದಿನಾಂಕವಿದೆ, ಎಲ್ಲವೂ ಶಾಲೆಯ ಬೀರುವಿನಲ್ಲಿವೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕೆಂದು ತಿಳಿಸಿದರೆ ಸಾಕು. ಬಸ್ಸಿನ ಖರ್ಚನ್ನು ನಾನೇ ಹಾಕಿಕೊಳ್ಳುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಮತದಾರ,
ನಿವೃತ್ತ ವಿಜ್ಞಾನ ಶಿಕ್ಷಕ