ಎಮರ್ಜೆನ್ಸಿ ಮೆಡಿಸಿನ್ ತರಬೇತಿಗೆ ಅರ್ಜಿ ಹಾಕುವ ಪಿಎಗಳ (ವೈದ್ಯರ ತಂಡದಲ್ಲಿ ಚಿಕಿತ್ಸೆ ನೀಡುವ ಫಿಸಿಷಿಯನ್ ಅಸಿಸ್ಟೆಂಟ್‌ಗಳ) ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 7ಕ್ಕೆ (ಈಸ್ಟರ್ನ್ ಸಮಯ) ಜೂಮ್‌ನಲ್ಲಿ ಸೇರೋಣ. ಪಿಎ ಕೋರ್ಸ್‌ನ ಕೊನೆಯ ವರ್ಷದಲ್ಲಿರುವವರು ತಪ್ಪಿಸಬೇಡಿ. ಈಗಾಗಲೇ ಇಡಿಯಲ್ಲಿ (ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ) ಕೆಲಸ ಮಾಡುತ್ತಿರುವವರೂ ದಯವಿಟ್ಟು ಬನ್ನಿ, ನಿಮ್ಮ ಅನುಭವ ಇವರಿಗೆ ಬೇಕು.

ಅಮೆರಿಕದಲ್ಲಿ ಪಿಎ ಕೋರ್ಸ್ ಮುಗಿದ ಮೇಲಿನ ಈ ತರಬೇತಿ ಕಡ್ಡಾಯವಲ್ಲ. ಪ್ಯಾನ್ಸ್ (ಪಿಎಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ ರಾಜ್ಯದ ಲೈಸೆನ್ಸ್ ಸಿಕ್ಕರೆ ನೇರವಾಗಿ ಇಡಿಗೆ ಸೇರಬಹುದು. ತರಬೇತಿಯೆಂದರೆ ಸಾಮಾನ್ಯವಾಗಿ 12ರಿಂದ 18 ತಿಂಗಳು, ಸಂಬಳವೂ ಕಡಿಮೆ. ಆದರೂ ಸಾಧ್ಯವಿದ್ದವರು ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಉಸಿರಾಡಲು ಒದ್ದಾಡುತ್ತಿರುವ ರೋಗಿಗೆ ಟ್ಯೂಬ್ ಹಾಕುವುದು, ಅಪಘಾತವಾಗಿ ಬಂದವರ ಹೊಟ್ಟೆಯಲ್ಲಿ ರಕ್ತ ಸೇರಿದೆಯೇ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುವುದು, ಇವನ್ನೆಲ್ಲ ಹಿರಿಯರು ಪಕ್ಕದಲ್ಲಿ ನಿಂತಿರುವಾಗಲೇ ಕಲಿತುಕೊಳ್ಳಬೇಕು.

ಭಾನುವಾರದೊಳಗೆ ನಿಮಗೆ ಹೊಂದುವ ಎರಡು ಮೂರು ಪ್ರೋಗ್ರಾಂ ಗುರುತು ಮಾಡಿಕೊಳ್ಳಿ. ಇಂಥ ಪ್ರೋಗ್ರಾಂಗಳಿಗೆ ಎಆರ್‌ಸಿ-ಪಿಎ (ಪಿಎ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಐಚ್ಛಿಕ, ಹಾಗಾಗಿ ಅದಿಲ್ಲ ಅಂದ ಮಾತ್ರಕ್ಕೆ ಕೈಬಿಡಬೇಡಿ. ಐಸಿಯು, ಟ್ರಾಮಾ, ಅನಸ್ತೇಷಿಯಾ, ಮಕ್ಕಳ ಎಮರ್ಜೆನ್ಸಿಗೆ ಎಷ್ಟು ವಾರ ಕೊಡುತ್ತಾರೆ, ರಾತ್ರಿ ಪಾಳಿಯಲ್ಲಿ ಮೇಲ್ವಿಚಾರಣೆಗೆ ಯಾರಿರುತ್ತಾರೆ ಎಂದು ವಿಚಾರಿಸಿ. ಕೊನೇ ದಿನಾಂಕ ಒಂದೊಂದು ಕಡೆ ಒಂದೊಂದು ಥರ, ಬರೆದಿಟ್ಟುಕೊಳ್ಳಿ. ಶಿಫಾರಸು ಪತ್ರಗಳಲ್ಲಿ ಒಂದಾದರೂ ಎಮರ್ಜೆನ್ಸಿ ರೊಟೇಶನ್‌ನಲ್ಲಿ ನಿಮ್ಮ ಕೆಲಸ ಕಣ್ಣಾರೆ ಕಂಡವರದ್ದಾಗಿರಲಿ, ಈಗಲೇ ಕೇಳಿ.

ಎನ್‌ಸಿಸಿಪಿಎ (ಪಿಎಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಕೊಡುವ ಸಿಎಕ್ಯೂ ಎಂಬ ಹೆಚ್ಚುವರಿ ಅರ್ಹತೆಯ ಪ್ರಮಾಣಪತ್ರ ಬೇರೆ, ಈ ತರಬೇತಿ ಬೇರೆ. ಹಲವರು ಕೇಳಿದ್ದಾರೆ, ಅದನ್ನೂ ಮಾತಾಡೋಣ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಜೊತೆಗೆ ಒಂದು ಪ್ರಶ್ನೆಯನ್ನೂ ಬರೆಯಿರಿ. ರೋಗಿಗಳ ವಿವರ ಮಾತ್ರ ಗುಂಪಿನಲ್ಲಿ ಹಾಕಬೇಡಿ.