ಮಗಳಿಗೊಂದು ಪತ್ರ: ಆ ಗೋಡೆಯ ಮೇಲಿದ್ದವರ ಹೆಸರು

ಕೊಪ್ಪಳ

ಪ್ರೀತಿಯ ಮಗಳೇ,

ನನ್ನ ಫೋಟೋ ಅಂಗಡಿಯ ಹಳೆಯ ಚಿತ್ರಗಳಿಗೆ ಜೀವ ತುಂಬಿದ ನಿನ್ನ ಪ್ರದರ್ಶನ ನೋಡಿ ಬಂದು ಹದಿನೈದು ದಿನ ಆಯಿತು. "ಯಾಕಪ್ಪಾ, ಎಲ್ಲಾ ನೋಡಿ ಒಂದು ಮಾತೂ ಆಡದೆ ರೈಲು ಹತ್ತಿಬಿಟ್ರಿ?" ಎಂದು ಫೋನಿನಲ್ಲಿ ಕೇಳಿದೆ. ಆಗ ನನಗೆ ಉತ್ತರ ಬರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಕೆಲಸ ಹಿಡಿಸಲಿಲ್ಲ ಅಂತ ಮಾತ್ರ ತಿಳಿಯಬೇಡ. ಆ ಕತ್ತಲ ಕೋಣೆಗೆ ಕಾಲಿಟ್ಟ ಕೂಡಲೇ ನನ್ನ ಎದೆ ಹೊಡೆದುಕೊಂಡಿತು. ಗೋಡೆ ತುಂಬ ಆ ಹೆಂಗಸು. ಪಕ್ಕದಲ್ಲಿ ತಲೆಗೆ ಪಟಗ ಸುತ್ತಿದ ಗಂಡ. ಸೆರಗಿನ ಅಂಚು ಗಾಳಿಗೆ ಸ್ವಲ್ಪ ಅಲುಗಿತು. ಆಮೇಲೆ ಆಕೆ ಎರಡು ಸಲ ಕಣ್ಣು ಮಿಟುಕಿಸಿದಳು. ಅಷ್ಟೇ, ಎಂಟು ಸೆಕೆಂಡು. ಮತ್ತೆ ಮೊದಲಿನಿಂದ. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 12 ಚಿತ್ರ ಬೇಕು ಎಂದು ನೀನೇ ಹೇಳಿಕೊಟ್ಟಿದ್ದೆ. ಎಂಟು ಸೆಕೆಂಡಿಗೆ 96. ತೊಂಬತ್ತಾರು ಸಲ ಕೂತು ಆ ಸೆರಗು ಬರೆದಿದ್ದೀಯಲ್ಲ, ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಗಂಡನನ್ನು ನೀನು ಅಲುಗಾಡಿಸಲಿಲ್ಲ. ಅವನ ಎಡಗಿವಿಯ ಪಕ್ಕ ಒಂದು ಬಿಳಿ ಗೆರೆ ಇತ್ತು, ನೋಡಿದೆಯಾ? ಫೋಟೋದಲ್ಲಿ ಕೂದಲೆಳೆಯಷ್ಟು. ನಿನ್ನ ಗೋಡೆಯ ಮೇಲೆ ಹಗ್ಗದಷ್ಟು ದಪ್ಪ ಕಂಡಿತು. ಅದು ನನ್ನ ಬ್ಲೇಡಿನ ಗುರುತು.

ಕೆಳಗೆ ಚೀಟಿ ಅಂಟಿಸಿದ್ದೆ. "ಅನಾಮಿಕ ದಂಪತಿ, ಕೊಪ್ಪಳ." ನನ್ನ ಬಾಯಿ ಕಟ್ಟಿದ್ದು ಅಲ್ಲಿ.

ಮಗಳೇ, ಅವರು ಅನಾಮಿಕರಲ್ಲ.

1994. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಆ ಫೋಟೋದ ಹಿಂದೆ ನನ್ನ ರಬ್ಬರ್ ಸ್ಟಾಂಪ್ ನೋಡು, "ಜಿ. ರಾಯಚೂರು" ಎಂದೇ ಇರುತ್ತದೆ. ಗವಿಮಠದ ಅಜ್ಜನ ಜಾತ್ರೆ ಮುಗಿದ ಮರುದಿನ ಯಲಬುರ್ಗಾ ಕಡೆಯ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಮೂವತ್ತು ವಯಸ್ಸಿರಬಹುದು. ಸೆರಗಿನ ಗಂಟಿನಿಂದ ಒಂದು ಮದುವೆ ಗುಂಪಿನ ಫೋಟೋ ತೆಗೆದಳು. ಹಿಂದಿನ ಸಾಲಿನಲ್ಲಿ ಒಬ್ಬನ ಮುಖದ ಮೇಲೆ ಬೆರಳಿಟ್ಟಳು. ಮುಖ ಕಡಲೆಕಾಳಿನಷ್ಟು. "ಇವ್ರು ನಮ್ಮನಿಯವ್ರು. ಹೋಗಿ ಆರು ತಿಂಗ್ಳಾತು. ಇಬ್ರದೂ ಒಂದು ಫೋಟೋ ಇಲ್ರಿ. ಮಾಡಿ ಕೊಡ್ತೀರೇನು?" ಎಂದಳು.

ಫೋಟೋಶಾಪ್ 1990ರಲ್ಲೇ ಹುಟ್ಟಿತ್ತಂತೆ. ನಮ್ಮ ಜವಾಹರ ರಸ್ತೆಗೆ ಅದು ಬಂದಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಬ್ಲೇಡು, ಉಸುಕಿನ ಕಾಗದ, ಗೋಂದು, ಟಚಿಂಗ್ ಬ್ರಷ್. ಆಕೆಯನ್ನು ಕುರ್ಚಿಯ ಮೇಲೆ ಕೂಡಿಸಿ, ಪಕ್ಕದಲ್ಲಿ ಜಾಗ ಬಿಟ್ಟು ತೆಗೆದೆ. ಗುಂಪಿನ ಫೋಟೋ ಕಾಪಿ ಮಾಡಿ ಅವನನ್ನು ದೊಡ್ಡದಾಗಿ ಪ್ರಿಂಟ್ ಹಾಕಿದೆ. ಬ್ಲೇಡಿನಿಂದ ಸುತ್ತ ಕತ್ತರಿಸಿದೆ. ಕತ್ತರಿಸಿದ್ದನ್ನು ಹಾಗೇ ಅಂಟಿಸಿದರೆ ಅಂಚಿನ ನೆರಳು ಬೀಳುತ್ತದೆ. ಅದಕ್ಕೆ ಹಿಂಭಾಗದಿಂದ ಅಂಚನ್ನು ಉಸುಕಿನ ಕಾಗದದಲ್ಲಿ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಬೇಕು. ಆಮೇಲೆ ಅಂಟಿಸಿ, ಗೆರೆಯ ಮೇಲೆ ಬ್ರಷ್ ಆಡಿಸಿ, ಮತ್ತೆ ಕ್ಯಾಮೆರಾದಲ್ಲಿ ತೆಗೆದರೆ ಒಂದೇ ಫೋಟೋ. ಪಟಗ ಆ ಗುಂಪಿನಲ್ಲಿ ಇರಲಿಲ್ಲ. "ಪಟಗ ಇಲ್ದ ಹೊರಗ ಹೊಂಡ್ತಿದ್ದಿಲ್ರಿ ಅವ್ರು" ಎಂದು ಆಕೆ ಹೇಳಿದ್ದಕ್ಕೆ ನಾನು ಬಣ್ಣದಲ್ಲಿ ಬರೆದದ್ದು.

ಇಪ್ಪತ್ತು ರೂಪಾಯಿ ಅಡ್ವಾನ್ಸ್ ಕೊಟ್ಟು ಹೋದಳು. ಮತ್ತೆ ಬರಲಿಲ್ಲ. ಆ ವರ್ಷ ಅವರ ಊರಿನ ಅರ್ಧ ಜನ ಗುಳೆ ಹೋಗಿದ್ದರು. ಫೋಟೋ ಡಬ್ಬಿಯಲ್ಲೇ ಉಳಿಯಿತು. ನೀನು ಹೋದ ವರ್ಷ ಸ್ಕ್ಯಾನ್ ಮಾಡಲು ಒಯ್ದ ಡಬ್ಬಿ ಅದೇ, ಯಾರೂ ಒಯ್ಯದ ಫೋಟೋಗಳದ್ದು.

ಅದರ ನೆಗೆಟಿವ್ ಇಲ್ಲ. ಇದನ್ನು ನಿನಗೆ ಈವರೆಗೆ ಹೇಳಿರಲಿಲ್ಲ. 2006ರಲ್ಲಿ ಡಿಜಿಟಲ್ ಕ್ಯಾಮೆರಾ ತಂದಾಗ ಅಂಗಡಿಯಲ್ಲಿ ಜಾಗ ಬೇಕಾಗಿತ್ತು. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ನಿಲ್ಲುವುದೇ ಬೆಳ್ಳಿಯಿಂದ. ಆ ಬೆಳ್ಳಿಗಾಗಿ ಕೊಳ್ಳುವವರು ಊರೂರು ತಿರುಗುತ್ತಿದ್ದರು. ಮೂರು ಗೋಣಿಚೀಲ ನೆಗೆಟಿವ್ ತೂಕಕ್ಕೆ ಹಾಕಿದೆ. ಆಮೇಲೆ ಎಷ್ಟೋ ಜನ ಬಂದು "ನಮ್ಮಪ್ಪಂದು ಒಂದು ಫೋಟೋ ಇತ್ತಲ್ರಿ" ಎಂದಾಗ ತಲೆ ತಗ್ಗಿಸಿದ್ದೇನೆ. ಹೊಳೆಯಾಚೆ ಹಂಪಿಯಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ 1856ರಲ್ಲಿ ಫೋಟೋ ತೆಗೆದಿದ್ದ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಕಾಗದ! ಅವು ಉಳಿದವು. ಅದರಿಂದಲೇ 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆಯಲು ಆಯಿತು. ನನ್ನವು ಹನ್ನೆರಡು ವರ್ಷಕ್ಕೇ ಹೋದವು. ನಿನ್ನ ಕೆಲಸವೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದೆ ಅಲ್ವಾ? ಇನ್ನೆರಡು ಕೊಳ್ಳು. ದುಡ್ಡು ನಾನು ಕಳಿಸುತ್ತೇನೆ. ಒಂದನ್ನು ಇಲ್ಲಿ ನಿಮ್ಮ ಅವ್ವನ ಟ್ರಂಕಿನಲ್ಲಿ ಇಡು.

ಆದರೆ ರಿಜಿಸ್ಟರುಗಳನ್ನು ನಾನು ಕೊಟ್ಟಿರಲಿಲ್ಲ. ಊರಿಗೆ ಬಂದ ಮರುದಿನವೇ ಅಟ್ಟದಿಂದ ಇಳಿಸಿದೆ. ಎರಡು ದಿನ ಹುಡುಕಿದೆ. ಸಿಕ್ಕಿತು. ಆಕೆಯ ಹೆಸರು, ಗಂಡನ ಹೆಸರು, ಊರು, "ಬಾಕಿ ರೂ. 45", ಎಲ್ಲಾ ನನ್ನದೇ ಅಕ್ಷರದಲ್ಲಿದೆ.

ಫೋಟೋವನ್ನು ಕಂಪ್ಯೂಟರಿನಲ್ಲಿ ಬದಲಾಯಿಸುವುದು ಮೋಸ ಅಲ್ವಾ ಎಂದು ಹಿಂದೆ ನಿನ್ನನ್ನು ಕೇಳಿದ್ದೆ. ಈಗ ಕೇಳುವುದಿಲ್ಲ. ನಾನು ಸತ್ತವನನ್ನು ತಂದು ಹೆಂಡತಿಯ ಪಕ್ಕ ನಿಲ್ಲಿಸಿದವನು. ಆದರೆ ನಾನು ಅದನ್ನು ಆಕೆ ಕೇಳಿದ್ದಕ್ಕೆ ಮಾಡಿದೆ. ನೀನು ಆಕೆಯ ಕಣ್ಣು ಮಿಟುಕಿಸಿದ್ದು ಆಕೆಗೆ ಗೊತ್ತೇ ಇಲ್ಲ. ಕಾನೂನೂ ಸುಮ್ನೆ ಇಲ್ಲ. 1957ರ ಕಾಪಿರೈಟ್ ಕಾಯ್ದೆ ನೋಡು. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಇಪ್ಪತ್ತೇ ರೂಪಾಯಿ ಕೊಟ್ಟವರದ್ದು ಏನಾಗುತ್ತದೆ ಎಂದು ವಕೀಲರನ್ನು ಕೇಳಬಹುದು. ನನಗೆ ಅದಕ್ಕಿಂತ ಆಕೆಯನ್ನು ಕೇಳುವುದು ಮುಖ್ಯ.

ನಿನಗೆ ಇದು ಅರ್ಥವಾಗುತ್ತದೆ. ಮೂರು ವರ್ಷದ ಹಿಂದೆ ಒಂದು ಆನಿಮೇಷನ್ ಕಂಪನಿಯವರು ಏಳು ತಿಂಗಳು ನಿನ್ನಿಂದ ದುಡಿಸಿಕೊಂಡು ಕೊನೆಗೆ ನಿನ್ನ ಹೆಸರನ್ನೇ ಹಾಕಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತಿದ್ದೆ. ಸಂಬಳ ಕಡಿಮೆ ಕೊಟ್ಟಾಗಲೂ ನೀನು ಹಾಗೆ ಅತ್ತಿರಲಿಲ್ಲ.

ಜನವರಿಯಲ್ಲಿ ಪ್ರದರ್ಶನವನ್ನು ಇಲ್ಲಿಗೂ ತರುತ್ತೇನೆ ಎಂದಿದ್ದೀಯ. ತಾ. ಆದರೆ ಇಲ್ಲಿಯ ಲೆಕ್ಕ ಬೇರೆ. ಗ್ಯಾಲರಿಯಲ್ಲಿ ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರುವಂತೆ ತೂಗುಹಾಕಿದ್ದಿರಿ. ಇಲ್ಲಿ ಅರ್ಧ ಜನ ಮಕ್ಕಳು, ಇನ್ನೂ ಕೆಳಗೆ ಹಾಕು. ದೊಡ್ಡದು ಬೇಕೆಂದು ಚಿತ್ರಗಳನ್ನು ಎಳೆಯಬೇಡ. ನಿನ್ನ 24 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 6000 ಚುಕ್ಕಿ, ಇಂಚಿಗೆ 200 ಚುಕ್ಕಿಯ ಲೆಕ್ಕದಲ್ಲಿ 30 ಇಂಚು ಅಗಲಕ್ಕೆ ಬರುತ್ತದೆ, ಹತ್ತಿರ ನಿಂತು ನೋಡುವವರಿಗೆ ಅಷ್ಟು ಸಾಕು. ಕರೆಂಟು ಹೋದರೆ ಪ್ರೊಜೆಕ್ಟರ್ ನಿಲ್ಲಬಾರದು, ಅದರ ಜವಾಬ್ದಾರಿ ನನ್ನದು. ಜನ ಬರುತ್ತಾರೋ ಇಲ್ಲವೋ ಎಂಬ ಚಿಂತೆ ಬಿಡು. ಪರದೆಯ ಹಿಂದೆ ದೀಪ ಹಚ್ಚಿ ಚಿತ್ರ ಕುಣಿಸುವುದನ್ನು ಈ ಸೀಮೆಯ ಜನಕ್ಕೆ ಯಾರೂ ಕಲಿಸಬೇಕಿಲ್ಲ. ತೊಗಲುಗೊಂಬೆ ಆಡಿಸಿಕೊಂಡೇ ಬಾಳಿದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಎಷ್ಟು ಹಿಗ್ಗಿದ್ದೆವು!

ಆ ಹೆಣ್ಣುಮಗಳು ಇದ್ದರೆ ಈಗ ಅರವತ್ತರ ಆಚೀಚೆ. ಜೊತೆಗೆ ಒಂದು ಸಣ್ಣ ಹುಡುಗಿ ಬಂದಿದ್ದಳು, ಫೋಟೋ ತೆಗೆಯುವಾಗ ನನ್ನ ಕ್ಯಾಮೆರಾದ ಸ್ಟ್ಯಾಂಡ್ ಹಿಡಿದು ನಿಂತಿದ್ದಳು. ಅವಳಾದರೂ ಸಿಗಬಹುದು. ನೀನು ಪ್ರದರ್ಶನಕ್ಕೆ ಒಂದು ವಾರ ಮುಂಚೆ ಬಾ. ಇಬ್ಬರೂ ಆ ಊರಿಗೆ ಹೋಗೋಣ. ನೀನು ಲ್ಯಾಪ್‌ಟಾಪ್ ತಾ, ಆ ಎಂಟು ಸೆಕೆಂಡು ಅವರ ಮನೆಯಲ್ಲೇ ತೋರಿಸು. ಬೇಡ ಎಂದರೆ ತೆಗೆದುಬಿಡು. ಬೇಕು ಎಂದರೆ ಚೀಟಿಯ ಮೇಲೆ ಏನು ಬರೆಯಬೇಕೆಂದು ಅವರನ್ನೇ ಕೇಳೋಣ.

ಡಬ್ಬಿಯಲ್ಲಿದ್ದ ಆ ಪ್ರಿಂಟನ್ನೂ ಮರೆಯದೆ ತಾ. ಅಂಚು ಮಡಚದ ಹಾಗೆ ರಟ್ಟಿನ ನಡುವೆ ಇಡು. ಅದು ಆಕೆಯದು, ಕೊಟ್ಟು ಬರೋಣ.

ನಿಮ್ಮ ಅವ್ವ ಶೇಂಗಾ ಹೋಳಿಗೆ ಮಾಡಿಡುತ್ತಾಳಂತೆ, ಎಷ್ಟು ಜನ ಗೆಳೆಯರು ಬರುತ್ತಾರೆ ಎಂದು ಮುಂಚೆಯೇ ತಿಳಿಸು.

ನಿನ್ನ
ಅಪ್ಪ